ಗೋದಾವರಿ ಅತ್ಯಾ ಫ್ರಿಜ್ಜು ತೊಳೆದದ್ದು

ಮನುಷ್ಯನ ನಾಗರಿಕತೆಯೆಂದರೆ ಇವತ್ತಿನ ಅನ್ನವನ್ನು ನಾಳೆಗೆ ಕೆಡದಂತೆ ಇಟ್ಟುಕೊಳ್ಳುವ ಸಾಹಸವೇ ಹೊರತು ಮತ್ತೇನೂ ಅಲ್ಲ. ಕಣಜ, ಹಗೇವು, ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬಿ, ಇವೆಲ್ಲ ಆ ಸಾಹಸದ ಸ್ಮಾರಕಗಳು. ಈ ಗಂಭೀರ ವಿಚಾರ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ಬೇಗಂಪೇಟೆಯ ಒಂದು ದೊಡ್ಡ ಕಿರಾಣಿ ಅಂಗಡಿಯಲ್ಲಿ, ಮಂಜುಗಟ್ಟಿದ ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಗು ಮರಗಟ್ಟಿಸಿಕೊಂಡು ನಿಂತಿದ್ದಾಗ. ಅಲ್ಲಿಗೆ ನಾನು ಹೋದದ್ದು ಕಸಬರಿಗೆ ಕೊಳ್ಳಲು.

ಪೆಟ್ಟಿಗೆಯಲ್ಲಿ ಅರೆಬೆಂದ ಚಪಾತಿಗಳಿದ್ದವು. ಬಣ್ಣದ ಪೊಟ್ಟಣ, ಮೇಲೆ ನಗುವ ದಂಪತಿಗಳ ಚಿತ್ರ, ಇಬ್ಬರಿಗೆ ಸಾಕು ಎಂಬ ಭರವಸೆ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು ಅಂಗಡಿಯ ಹುಡುಗಿ ಬಂದು, "ಚಾಲಾ ಫ್ರೆಷ್ ಸಾರ್, ಮೊನ್ನನೇ ವಚ್ಚಿಂದಿ" ಎಂದಳು. ಬಹಳ ತಾಜಾ, ಮೊನ್ನೆಯಷ್ಟೇ ಬಂದದ್ದು! ನೀವೇ ಹೇಳಿ, ಸಿಟ್ಟು ಬರಬಾರದೆ? ಮೊನ್ನೆಯ ಚಪಾತಿ ಇಂದು ತಾಜಾ ಎನಿಸಿಕೊಂಡು, ಕೈಗವಸು ಹಾಕಿದ ಹುಡುಗಿಯಿಂದ ಗೌರವ ಪಡೆಯುತ್ತಿದೆ. ಇದೇ ಕೆಲಸವನ್ನು ನನ್ನ ಹೆಂಡತಿ ಇದೇ ಊರಿನಲ್ಲಿ ಮಾಡಿದಾಗ ನಮ್ಮ ಇಡೀ ಬಳಗ ಅವಳಿಗೆ ಕೊಟ್ಟ ಬಿರುದು ಬೇರೆ. "ಗಂಡಗ ತಂಗಳ ತಿನಸಾಕಿ." ಈ ಬಿರುದು ಗುಲಬರ್ಗಾದಿಂದ ಹೊರಟು, ರಾಯಚೂರಿನಲ್ಲಿ ಎರಡು ದಿನ ತಂಗಿ, ನಮ್ಮ ನಾರಾಯಣಗೂಡದ ಮನೆಯನ್ನೂ ತಲುಪಿತ್ತು.

ನಾನು ಹೇಳುತ್ತಿರುವುದು ಫ್ರಿಜ್ಜೆಂಬುದು ಅಡಿಗೆಮನೆಗೆ ಹೋಗದೆ, ತಲೆಯ ಮೇಲೆ ಕಸೂತಿಯ ಬಟ್ಟೆ ಹೊದ್ದು, ಬಂದವರಿಗೆ ಕಾಣುವಂತೆ ನಡುಮನೆಯಲ್ಲಿ ಕೂಡುತ್ತಿದ್ದ ಕಾಲ. ನಮ್ಮದು ವರ್ಗವಾಗಿ ಹೋಗುತ್ತಿದ್ದ ಒಬ್ಬ ಸಾಹೇಬರಿಂದ ಕೊಂಡದ್ದು. ಬಾಗಿಲಿನ ಹಿಡಿ ಅಂಬಾಸಿಡರ್ ಕಾರಿನ ಹಿಡಿಯಂತಿತ್ತು; ಎಳೆಯುವುದಕ್ಕೆ ಕಾಲು ಊರಿ ನಿಲ್ಲಬೇಕು. ಆಗಾಗ ಒಳಗಿನಿಂದ ದೀರ್ಘವಾಗಿ ನಿಟ್ಟುಸಿರು ಬಿಟ್ಟು ಮೈ ಒದರುತ್ತಿತ್ತು. ಮೇಲ್ಗಡೆಯ ಫ್ರೀಜರೆಂದರೆ ಒಂದು ಪುಟ್ಟ ಗುಹೆ. ಸುತ್ತ ಮಂಜು ಬೆಳೆದು ದಿನದಿನಕ್ಕೆ ಬಾಯಿ ಕಿರಿದಾಗುತ್ತಿತ್ತು.

ವತ್ಸಲಾ, ಅಂದರೆ ನನ್ನ ಹೆಂಡತಿ, ಲೆಕ್ಕಪತ್ರದ ಒಂದು ಸರಕಾರಿ ಕಚೇರಿಯಲ್ಲಿದ್ದಳು. ಮೇಲಿನ ಹುದ್ದೆಗೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತು ಎರಡು ಸಲವೂ ಹೋಗಿತ್ತು. ಮೂರನೆಯದು ಕೊನೆಯದು, ನಿಯಮದಲ್ಲಿ ನಾಲ್ಕನೆಯ ಸಲವೆಂಬುದು ಇರಲಿಲ್ಲ. ಈ ಸಲವೂ ತಪ್ಪಿದರೆ ನಿವೃತ್ತಿಯವರೆಗೆ ಅದೇ ಕುರ್ಚಿ, ಅದೇ ಕಿಟಕಿ. ನಮ್ಮ ಗಲ್ಲಿಯ ತುದಿಯಲ್ಲೇ ಸಂಜೆಯ ತರಗತಿ ನಡೆಯುತ್ತಿತ್ತು, ಸರಿಯಾಗಿ ರಾತ್ರಿಯ ಅಡಿಗೆಯ ಹೊತ್ತಿಗೆ. ಹಿಂದಿನ ಎರಡು ಸಲ ಅವಳು ಆ ತರಗತಿಗೆ ಹೋಗಿರಲಿಲ್ಲ, ಅಡಿಗೆ ಮಾಡಿದ್ದಳು. ಹಾಗಾಗಿ ಈ ಸಲ ರವಿವಾರ ಒಂದೇ ದಿನ ಬೇಯಿಸಿ, ವಾರವಿಡೀ ಇಬ್ಬರಿಗೆ ಆಗುವಷ್ಟನ್ನು ಗುಹೆಯೊಳಗೆ ಸೇರಿಸುವುದೆಂದು ಯೋಜನೆ ಹಾಕಿದಳು.

ನಮ್ಮ ಇಬ್ಬರ ಪಗಾರವೂ ಮನೆಗೆ ಬರುವ ದಾರಿಯಲ್ಲಿ ಅಲ್ಲಲ್ಲಿ ಇಳಿದು ಹೋಗುತ್ತಿದ್ದುದರಿಂದ ಸಂತೆಗೂ ಒಂದು ಶಾಸ್ತ್ರವಿತ್ತು. ಅಂಗಡಿ ಎತ್ತುವ ಹೊತ್ತಿಗೆ ಹೋಗಬೇಕು. ಯಾವುದು ರಾಶಿ ಬಿದ್ದಿದೆಯೋ ಅದನ್ನೇ ಕೊಳ್ಳಬೇಕು. ನಾಲಿಗೆಯ ಆಸೆಯನ್ನು ಆಮೇಲೆ ಅದಕ್ಕೆ ಹೊಂದಿಸಿಕೊಳ್ಳಬೇಕು. ನಾನು ಚೀಲ ಹಿಡಿದು ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕೆಂದು ಆಜ್ಞೆಯಾಗಿತ್ತು. "ನೀವು ದೂರ ನಿಂದರ್ರಿ. ನಿಮ್ಮ ಮಾರಿ ನೋಡಿದ್ರ ಭಾವ ಏರ್ತದ" ಎನ್ನುತ್ತಿದ್ದಳು. ಬದನೆಕಾಯಿ ಕಂಡರೆ ನನ್ನ ಮುಖ ಅರಳುತ್ತಿತ್ತಂತೆ, ಅದನ್ನು ನೋಡಿ ಮಾರುವವರು ಬೆಲೆ ಏರಿಸುತ್ತಿದ್ದರಂತೆ. ಚಳಿಗಾಲದ ಒಂದು ಸಂಜೆ ಅವಳು ಹಸಿ ಬಟಾಣಿಯನ್ನು ಗೋಣಿಗಟ್ಟಲೆ ಅಳೆಸಿಕೊಳ್ಳುವುದನ್ನು ನೋಡಿ ಮಾರುವ ಹೆಂಗಸು, "ಘರ್ ಮೇ ಶಾದೀ ಹೈ ಕ್ಯಾ ಅಮ್ಮಾ?" ಎಂದು ಕೇಳಿದಳು. "ನಹೀ, ಇಮ್ತಿಹಾನ್ ಹೈ" ಎಂದಳು ವತ್ಸಲಾ. ಮದುವೆಗೆ ಬಟಾಣಿ ಸರಿ, ಪರೀಕ್ಷೆಗೂ ಬಟಾಣಿಗೂ ಏನು ಸಂಬಂಧವೆಂದು ಆ ತಾಯಿ ಇಂದಿಗೂ ಯೋಚಿಸುತ್ತಿರಬಹುದು.

ರವಿವಾರ ನಮ್ಮ ಮನೆ ಚಿಕ್ಕದೊಂದು ಕಾರಖಾನೆ. ನಾನು ಬಟಾಣಿ ಸುಲಿಯುವವನು, ಕಾಯಿ ತುರಿಯುವವನು. ಅವಳು ಹುಳಿ ಕುದಿಸಿ ಆರಿಸಿ ಡಬ್ಬಿಗೆ ತುಂಬುವವಳು. ಉಳ್ಳಾಗಡ್ಡಿ ಹಾಕಿದ್ದಕ್ಕೆ ಕೆಂಪು ದಾರ, ಹಾಕದ್ದಕ್ಕೆ ಬಿಳಿ ದಾರ. ಚಪಾತಿಯನ್ನು ಅರ್ಧ ಬೇಯಿಸಿ, ನಡುವೆ ಅಬಿಡ್ಸಿನ ಪೇಟೆಯಿಂದ ತಂದ ಬೆಣ್ಣೆ ಕಾಗದ ಇಟ್ಟು ಪೇರಿಸುತ್ತಿದ್ದಳು. ಸಂಜೆ ಕಚೇರಿಯಿಂದ ಬಂದು ಒಂದು ಡಬ್ಬಿ ಹೊರಗಿಟ್ಟು ಅವಳು ತರಗತಿಗೆ ಹೋಗುವಳು. ಬರುವ ಹೊತ್ತಿಗೆ ಅದು ಕರಗಿರುತ್ತಿತ್ತು. ಒಂದು ಕುದಿ ಕುದಿಸಿದರೆ ಊಟ. ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ. ಇಬ್ಬರಿಗಾಗಿ ಮಾಡಿದ್ದು ಎಂಬುದನ್ನು ಬಿಟ್ಟರೆ. ಏಕೆಂದರೆ ಪರೀಕ್ಷೆಗೆ ಒಂದು ತಿಂಗಳಿದೆಯೆನ್ನುವಾಗ ಮೂರನೆಯವಳಾಗಿ ಗೋದಾವರಿ ಅತ್ಯಾ ಬಂದಳು.

ಅತ್ಯಾ ನನ್ನ ತಂದೆಯ ಅಕ್ಕ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಗುಲಬರ್ಗಾದಿಂದ ಬಂದಿದ್ದಳು. ಆಪರೇಶನ್ ಚೆನ್ನಾಗಿಯೇ ಆಯಿತು. ತೊಂದರೆಯಾದದ್ದು, ಕಣ್ಣು ಸ್ವಚ್ಛವಾದ ಮೇಲೆ ಅವಳಿಗೆ ಮೊಟ್ಟಮೊದಲು ಸ್ವಚ್ಛವಾಗಿ ಕಂಡದ್ದು ನಮ್ಮ ಫ್ರಿಜ್ಜಿನ ಒಳಗು.

ಬೇಯಿಸಿದ ಅನ್ನ, ಬೇಳೆ ಮುಸುರೆ. ಅದನ್ನು ಮುಟ್ಟಿದ ಕೈಯಲ್ಲಿ ಹಾಲು ಮೊಸರು ಮುಟ್ಟುವಂತಿಲ್ಲ ಎಂಬುದು ನಮ್ಮ ಮನೆತನದ ಸಂವಿಧಾನ. ಅತ್ಯಾ ಅದರ ಏಕಸದಸ್ಯ ಪೀಠ. ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿ ತೀರ್ಪು ಕೊಟ್ಟಳು.

"ಮ್ಯಾಲ ಹುಳಿ, ಕೆಳಗ ಹಾಲು. ಎರಡಕ್ಕೂ ಒಂದ ಗಾಳಿ. ಇದು ಪೆಟ್ಟಿಗಿ ಅಲ್ಲವಾ ವತ್ಸಲಾ, ಮುಸುರಿ ಬಾನಿ."

"ನಿಮ್ಮ ಹಾಲು ಬ್ಯಾರೆ ಇಡ್ತೀನ್ರಿ ಅತ್ಯಾ."

"ನನ್ನ ಹಾಲಿಂದ ಹೋಗ್ಲಿ. ನನ್ನ ತಮ್ಮನ ಮಗಾ ಹೋದ ರವಿವಾರದ ಹುಳಿ ಈ ಗುರುವಾರ ಉಣ್ಣಲಿಕ್ಕತ್ತಾನಲ್ಲ, ಅವಂದೇನ ಹಣೇಬರಾ?"

ಹಣೆಬರಹದವನು ಎರಡನೆಯ ಸಲ ಹುಳಿ ಹಾಕಿಸಿಕೊಳ್ಳುತ್ತಿದ್ದುದನ್ನು ಅತ್ಯಾ ಗಮನಿಸಲಿಲ್ಲ.

ಪರೀಕ್ಷೆಗೆ ಒಂದು ಪಕ್ಷ ಉಳಿದಿತ್ತು. ಆ ರವಿವಾರ ವತ್ಸಲಾ ಗುಹೆಯ ಬಾಯಿಯವರೆಗೆ ತುಂಬಿದಳು. ಇನ್ನು ಪರೀಕ್ಷೆ ಮುಗಿಯುವ ತನಕ ಒಲೆಯ ಕಡೆ ನೋಡುವುದಿಲ್ಲ ಎಂದಳು. ಸೋಮವಾರ ಸಂಜೆ ನಾವಿಬ್ಬರೂ ಒಟ್ಟಿಗೇ ಮನೆಗೆ ಬಂದೆವು. ನಡುಮನೆ ಒದ್ದೆಯಾಗಿತ್ತು. ಫ್ರಿಜ್ಜಿನ ಬಾಗಿಲು ಹಾರು ಹೊಡೆದಿತ್ತು. ತಂತಿ ಗೋಡೆಯಿಂದ ಕಳಚಿತ್ತು. ಒಳಗೆಲ್ಲ ಸೀಗೆಪುಡಿಯ ವಾಸನೆ. ಫ್ರೀಜರಿನ ಗುಹೆಯಲ್ಲಿ ಮಂಜಿಲ್ಲ, ಡಬ್ಬಿಯಿಲ್ಲ. ನಡುವೆ ಒಂದು ತಾಮ್ರದ ಗಿಂಡಿ, ಅದರಲ್ಲಿ ನೀರು, ನೀರಿನಲ್ಲಿ ತುಳಸಿ.

"ಶುಕ್ರವಾರ ಏಕಾದಶಿ ಬಂತು. ಅದಕ್ಕ ಶುದ್ಧ ಮಾಡಿದೆ" ಎಂದಳು ಅತ್ಯಾ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ನೋಡ್ರಿ, ದೇವರ ಮನಿ ಆಗೇದ!"

"ಡಬ್ಬಿ, ಅತ್ಯಾ?" ಎಂದೆ.

"ಡಬ್ಬಿ ಬೆಳಗಿ ಬೋರಲ ಹಾಕೀನಿ."

"ಡಬ್ಬಿ ಒಳಗಿಂದು?"

"ಎಮ್ಮಿಗಳಿಗೆ ಹಾಕಿದೆ. ಪಾಪ, ಭಾಳ ಖುಷೀಲೆ ತಿಂದ್ವು."

ಗಲ್ಲಿಯ ಹಾಲಿನವನ ಎಮ್ಮೆಗಳು! ಒಂದು ದಿನವಾದರೂ ನೀರು ಬೆರೆಸದ ಹಾಲು ಕೊಟ್ಟು ಗೊತ್ತಿಲ್ಲದ ಎಮ್ಮೆಗಳು ನನ್ನ ಹೆಂಡತಿಯ ಭವಿಷ್ಯವನ್ನು ಮೆಲುಕು ಹಾಕುತ್ತ ಗೋಡೆಯ ನೆರಳಲ್ಲಿ ಮಲಗಿದ್ದವು. ನಾನು ನಡುಮನೆಯ ನೀರಿನಲ್ಲಿ ನಿಂತು, ಕೈ ಮೇಲೆತ್ತಿ, ಒಂದು ಭಾಷಣಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅತ್ಯಾ ಕಣ್ಣು ಹಿಡಿದುಕೊಂಡು ಕೂತುಬಿಟ್ಟಳು. ಬಗ್ಗಬಾರದು, ನೀರು ಸಿಡಿಯಬಾರದು ಎಂದು ಡಾಕ್ಟರು ಹೇಳಿದ್ದ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಭಾಷಣ ಒಳಗೇ ಉಳಿಯಿತು. ಅದನ್ನೇ ಈಗ ನಿಮ್ಮ ಮುಂದೆ ಮಾಡುತ್ತಿದ್ದೇನೆ.

ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಅತ್ಯಾನನ್ನು ಬಿಟ್ಟು ನನ್ನನ್ನು ಬೈದು, ಹೊಸ ಪಟ್ಟಿ ಕಟ್ಟಿ, ಹದಿನೈದು ದಿನ ಒಲೆಯ ಹತ್ತಿರ ಸುಳಿಯಕೂಡದೆಂದರು. ಮರುದಿನ ಸಂಜೆ ಪ್ರಶ್ನೆ ಎದ್ದಿತು. ಇಷ್ಟು ದಿನ ತನ್ನದನ್ನು ತಾನೇ ಬೇಯಿಸಿಕೊಳ್ಳುತ್ತಿದ್ದ ಅತ್ಯಾ ಈಗ ಅಡಿಗೆ ಮಾಡುವಂತಿಲ್ಲ. ಫ್ರಿಜ್ಜು ಖಾಲಿ. ಹೋಟೆಲಿನದು ಅತ್ಯಾ ಮುಟ್ಟುವುದಿಲ್ಲ.

"ಒಂದ ಹದಿನೈದ ದಿನ ಕ್ಲಾಸಿಗೆ ಹೋಗಬ್ಯಾಡ ಬಿಡು ವತ್ಸಲಾ" ಎಂದಳು ಅತ್ಯಾ, ಲೋಕದಲ್ಲಿ ಇದಕ್ಕಿಂತ ಸುಲಭವಾದ ಉಪಾಯವಿಲ್ಲವೆಂಬಂತೆ. "ಪರೀಕ್ಷಾ ಏನ ಓಡಿ ಹೋಗ್ತದೇನು?"

"ಪರೀಕ್ಷಾ ಓಡಿ ಹೋಗೂದಿಲ್ರಿ ಅತ್ಯಾ. ನಾ ಹೋಗ್ತೀನಿ" ಎಂದು ವತ್ಸಲಾ ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದಳು.

ನಾನೂ ಅತ್ಯಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ಎರಡು ಕಣ್ಣು, ಅವಳ ಒಂದು. ಸಂವಿಧಾನದ ಪ್ರಕಾರ ಗಂಡಸು ಮಡಿಯಲ್ಲಿ ಅಡಿಗೆ ಮಾಡಬಹುದು. ಈ ವಿಧಿಯನ್ನು ನಮ್ಮ ಮನೆತನದಲ್ಲಿ ಮದುವೆ ಮುಂಜಿವೆಗಳಲ್ಲಿ ಮಾತ್ರ ಚಲಾಯಿಸುತ್ತಿದ್ದರು. ಅಂದು ಅದನ್ನು ನನ್ನ ಮೇಲೆ ಚಲಾಯಿಸಲಾಯಿತು. ಚಳಿಗಾಲದ ಸಂಜೆ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯುಟ್ಟು, ಹಲ್ಲು ಕಡಿಯುತ್ತ ನಾನು ಒಲೆಯ ಮುಂದೆ ನಿಂತೆ. ಅತ್ಯಾ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಳು.

"ಬ್ಯಾಳಿ ತೊಳದೇನು?"

"ತೊಳದೆ."

"ಎಷ್ಟ ಸಲಾ?"

"ಒಂದ ಸಲಾ."

"ಬ್ಯಾಳಿ ತೊಳದ್ಯೋ, ಬ್ಯಾಳಿಗೆ ನೀರು ತೋರಿಸಿದ್ಯೋ? ಇನ್ನೊಮ್ಮೆ ತೊಳಿ. ಚಿಟಿಕಿ ಇಂಗು ಹಾಕು."

"ಚಿಟಿಕಿ ಅಂದ್ರ ಎಷ್ಟು?"

"ಅಯ್ಯ, ಚಿಟಿಕಿ ಗೊತ್ತಿಲ್ಲ! ಸರಕಾರ ನಿನಗ ಏನ ನೋಡಿ ಪಗಾರ ಕೊಡ್ತದೋ ತಮ್ಮಾ?"

ನಾನೂ ಕೇಂದ್ರ ಸರಕಾರದ ಕಾರಖಾನೆಯೊಂದರಲ್ಲಿ ಜವಾಬ್ದಾರಿಯ ಕೆಲಸದಲ್ಲಿದ್ದವನು. ಅಲ್ಲಿ ಯಾರೂ ನನ್ನನ್ನು ಚಿಟಿಕೆಯ ವಿಷಯ ಕೇಳಿರಲಿಲ್ಲ. ಆ ವಾರ ನಾನು ಮಾಡಿದ ಬೇಳೆಯನ್ನು ವಿವರಿಸಲಾರೆ. ಒಂದು ದಿನ ನೀರು, ಒಂದು ದಿನ ಗಾರೆ. ಅತ್ಯಾ ಪ್ರತಿ ತುತ್ತಿಗೂ ಕೃಷ್ಣನನ್ನು ನೆನೆಯುತ್ತ ನುಂಗಿದಳು. ಮಿಕ್ಕದ್ದನ್ನು ವತ್ಸಲಾ ತರಗತಿಯಿಂದ ಬಂದು ಕೈಕಾಲು ತೊಳೆದು, ಹುಣಿಸೆಹಣ್ಣು, ಖಾರ, ಬೆಲ್ಲ ಸೇರಿಸಿ ಮತ್ತೆ ಕುದಿಸಿ, ಡಬ್ಬಿಗೆ ತುಂಬಿ, ಬಿಳಿ ದಾರ ಕಟ್ಟಿ ಫ್ರೀಜರಿನಲ್ಲಿ ತುಳಸಿಯ ಗಿಂಡಿಯ ಪಕ್ಕಕ್ಕೆ ಇಡುತ್ತಿದ್ದಳು. ಅತ್ಯಾನ ಒಂದು ಕಣ್ಣನ್ನು ಡಾಕ್ಟರು ಮುಚ್ಚಿದ್ದರು. ಆ ಹೊತ್ತಿಗೆ ಇನ್ನೊಂದನ್ನು ಅವಳೇ ಮುಚ್ಚಿಕೊಂಡಿರುತ್ತಿದ್ದಳು.

ಶುಕ್ರವಾರ ಏಕಾದಶಿ. ಅತ್ಯಾ ನೀರೂ ಕುಡಿಯಲಿಲ್ಲ. ಶನಿವಾರ ಬೆಳಗ್ಗೆ ದ್ವಾದಶಿಯ ಪಾರಣೆ. ಹೊತ್ತೇರುವ ಮೊದಲೇ ಊಟವಾಗಬೇಕು. ಬೇಗನೆ ಎದ್ದು ಒದ್ದೆ ಪಂಚೆಯಲ್ಲಿ ಬೇಳೆಗಿಟ್ಟೆ. ವತ್ಸಲಾ ಒಳಗಿನ ಕೋಣೆಯಲ್ಲಿ ಗಟ್ಟಿಯಾಗಿ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಅದನ್ನು ಕೇಳುತ್ತ ನಿಂತವನಿಗೆ ವಾಸನೆ ಬಂದಾಗ ಪಾತ್ರೆಯ ತಳ ಮಾತ್ರವಲ್ಲ, ಬೇಳೆಯೆಲ್ಲ ಇದ್ದಿಲಾಗಿತ್ತು.

"ಸೀದು ಹೋತಲ್ಲೋ?" ಎಂದಿತು ಬಾಗಿಲಾಚೆಯ ಕ್ಷೀಣ ಧ್ವನಿ.

"ಹೋತು ಅತ್ಯಾ."

ಮಣೆ ಸರಿಸಿದ ಸದ್ದಾಯಿತು. ಆಮೇಲೆ: "ಆ ಪೆಟ್ಟಿಗ್ಯಾಗ ಏನದ?"

"ಹುಳಿ. ಆದರ ಅದು ಮುಸುರಿ."

"ಬಿಳೇ ದಾರದ್ದೋ, ಕೆಂಪಂದೋ?"

ದಾರದ ಶಾಸ್ತ್ರ ಅವಳಿಗೆ ಯಾವಾಗ ತಿಳಿಯಿತೋ! ಬಿಳಿಯದು ಎಂದೆ. ತರಿಸಿದಳು. ಡಬ್ಬಿಯನ್ನು ಬೋರಲು ಮಾಡಿಸಿ, ಜಾರಿಬಿದ್ದ ಕಂದು ಗಟ್ಟಿಯನ್ನು ಹಿತ್ತಾಳೆಯ ತಟ್ಟೆಗೆ ಎರಡು ಸಲ ಕುಟ್ಟಿ ಕಿವಿಗೊಟ್ಟಳು. ಟಣ್, ಟಣ್.

"ಇದು ಅಡಿಗಿ ಅಲ್ಲ ತಮ್ಮಾ, ಕಲ್ಲು" ಎಂದು ಪೀಠ ನುಡಿಯಿತು. "ಕಲ್ಲಿಗೆಲ್ಲಿ ಮುಸುರಿ? ಕರಗಿಸಿ ಕುದಿಸಿದರ ಈಗ ಮಾಡಿದ ಹಾಂಗ ಆತು. ಹಚ್ಚು ಒಲಿ."

ನನ್ನ ಕೋಪ ಆಗ ನೆತ್ತಿಗೇರಿತು. ಇಷ್ಟು ಸೊಗಸಾದ ತೀರ್ಪು ಆ ಸೋಮವಾರ ಮಧ್ಯಾಹ್ನ ಯಾಕೆ ಹೊಳೆಯಲಿಲ್ಲ? ಎಮ್ಮೆಗಳಿಗೆ ಹಾಕುವ ಮುನ್ನ ಒಮ್ಮೆ ಕುಟ್ಟಿ ನೋಡಬಾರದಿತ್ತೇ? ಕೇಳಿದೆ. "ಸೋಮವಾರ ಹಸಿವಿ ಇದ್ದಿದ್ದಿಲ್ಲ" ಎಂದಳು ಅತ್ಯಾ. ನಮ್ಮ ಶಾಸ್ತ್ರಗಳ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ, ಇಷ್ಟು ಪ್ರಾಮಾಣಿಕವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡಳು. ಊರಿಗೆ ಹೋದ ಮೇಲೂ ಅಷ್ಟೇ ಪ್ರಾಮಾಣಿಕವಾಗಿ, "ವತ್ಸಲಾ ಹುಳಿ ಛಲೋ ಮಾಡ್ತಾಳ, ಕಲ್ಲಿನಂಗ ಇರ್ತದ" ಎಂದು ಸಾರಿದಳಂತೆ. ಬಳಗದವರು ಹಳೆಯ ಬಿರುದಿನ ಪಕ್ಕಕ್ಕೆ ಇದನ್ನೂ ಸೇರಿಸಿದರು.

ಬೇಗಂಪೇಟೆಯಿಂದ ಬಂದವನು ಇದನ್ನೆಲ್ಲ ವತ್ಸಲೆಯ ಮುಂದೆ ಏರುದನಿಯಲ್ಲಿ ಒದರಿದೆ. ಅವಳ ಪರವಾಗಿ ಸಿಟ್ಟಾಗಲು ಲೋಕದಲ್ಲಿ ನಾನೊಬ್ಬನೇ ಉಳಿದಿದ್ದೇನೆಂದು ನನ್ನ ಭಾವನೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದಳು.

"ಅವತ್ತ ನಾನೂ ನಿಮ್ಮಂಗ ಸಿಟ್ಟ ಮಾಡಿಕೋತ ನಿಂತಿದ್ರ ಏನಾಗ್ತಿತ್ತು ಹೇಳ್ರಿ?"

"ಏನಾಗ್ತಿತ್ತು?"

"ಕ್ಲಾಸ ತಪ್ಪತಿತ್ತು."

ಇಷ್ಟು ವರ್ಷ ನಾನು ಅವಳ ಸಿಟ್ಟನ್ನೂ ಸೇರಿಸಿ ಇಬ್ಬರಿಗಾಗುವಷ್ಟು ಹೊತ್ತು ತಿರುಗಿದ್ದೆ. ಅವಳು ತನ್ನ ಪಾಲಿನದನ್ನು ಆ ಸಂಜೆಯೇ ಮೆಟ್ಟಿಲಲ್ಲಿ ಬಿಟ್ಟು ಹೋಗಿದ್ದಳು. ಭಾಷಣವನ್ನು ಅಲ್ಲಿಗೆ ನಿಲ್ಲಿಸಿದೆ.

ಆ ಮೂರನೆಯ ಸಲದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಅಧಿಕಾರಿಯಾಗಿ ನಿವೃತ್ತಳಾದಳು. ರಾತ್ರಿಯ ಅಡಿಗೆಯನ್ನು ಅಂದಿನಿಂದ ನಾನೇ ಮಾಡುತ್ತಿದ್ದೇನೆ.