ಅಪ್ಪ ಬಿಟ್ಟ ಸಂದು

ಆಕೆಯನ್ನು ಊರೆಲ್ಲ ರಾಳದಕ್ಕ ಎಂದೇ ಕರೆಯುತ್ತಿತ್ತು. ದೋಣಿಯ ಹಲಗೆಗಳ ಸಂದಿಗೆ ಹತ್ತಿ ಹೊಸೆದು ತುರುಕಿ, ಮೇಲೆ ಕಾಯಿಸಿದ ರಾಳ ಹುಯ್ಯುವುದು ಅವಳ ಕಸುಬು. ಮೂವತ್ತೈದು ವರ್ಷದಲ್ಲಿ ಅವಳ ಕೈ ಮುಟ್ಟಿದ ಒಂದು ದೋಣಿಯೂ ಸೋರಿದ್ದಿಲ್ಲ. ಇದನ್ನು ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ಇಲ್ಲದ್ದರಿಂದ ತಾನೇ ಹೇಳಿಕೊಳ್ಳುತ್ತಿದ್ದಳು.

ಅಂಥವಳು ತಲೆ ತಗ್ಗಿಸುತ್ತಿದ್ದುದು ಹೊಳೆದಂಡೆಯಲ್ಲಿ ನೀರಿನ ಮೇಲೆ ಕಂಬ ಕೊಟ್ಟು ಕಟ್ಟಿದ ದೋಣಿಮನೆಯ ಮುಂದೆ ಮಾತ್ರ. ನೂರು ವರ್ಷ ಹಳೆಯ ಆ ಕಟ್ಟಡಕ್ಕೆ ಹಲಗೆಯ ನೆಲ ಹಾಕಿದವನು ಅವಳಪ್ಪ. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ವರ್ಷಕ್ಕೊಮ್ಮೆ ಹೊಳೆ ಏರಿದಾಗ ನೀರು ಆ ಸಂದಿಯಿಂದ ಮೇಲೆ ಬಂದು, ಎರಡು ದಿನ ನಿಂತು ಇಳಿದುಹೋಗುತ್ತಿತ್ತು. "ನಿಮ್ಮಪ್ಪ ಹಾಕಿದ್ದು ನೆಲಾನಾ, ಜರಡಿನಾ?" ಎಂದು ಜನ ಅವಳನ್ನು ಸ್ಕೂಲಿಗೆ ಹೋಗುವ ಕಾಲದಿಂದ ರೇಗಿಸಿದ್ದರು. ಕೇಳಿ ಕೇಳಿ ಸಾಕಾಗಿ ಅವಳೊಂದು ಉತ್ತರ ಕಟ್ಟಿಕೊಂಡಳು: "ಆಗ ಅಪ್ಪಂಗೆ ಕೈ ನಡುಗ್ತಿತ್ತು." ಒಮ್ಮೆ ಅವನೆದುರಿಗೇ ಹಾಗೆಂದಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ದೋಣಿಮನೆ ರಿಪೇರಿಗೆ ಸಮಿತಿಯಾಯಿತು. ಎಲ್ಲರಿಗೂ ತೆರೆದ ವಾಚನಾಲಯ, ಸಭೆಗೆ ಜಾಗ, ಮಕ್ಕಳಿಗೆ ದೋಣಿಯ ಹುಟ್ಟು ಹಾಕುವ ಪಾಠ, ಎಲ್ಲ ಅಲ್ಲೇ ಎಂದು ತೀರ್ಮಾನವಾಯಿತು. ನೆಲದ ಕೆಲಸವನ್ನು ರಾಳದಕ್ಕ ಕೇಳಿ ಪಡೆದಳು. ಬಡಗಿ ತಮ್ಮನನ್ನು ಜೊತೆಗೆ ಹಾಕಿಕೊಂಡಳು. ಅಪ್ಪನ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕು ಎಂಬುದೊಂದೇ ಅವಳ ಹಟ.

ಹಳೆ ನೆಲ ಕೀಳುವಾಗ ತಮ್ಮ ಅಳತೆಪಟ್ಟಿ ಹಿಡಿದು ಕೂತ.

"ಅಕ್ಕ, ಸಂದೆಲ್ಲ ಒಂದೇ ಅಳತೆ ಇದೆ. ನಡುಗೋ ಕೈ ಹೀಗೆ ಬಿಡುತ್ತಾ?"

"ಮಾತು ಸಾಕು, ಮೊಳೆ ಕೀಳು."

ಹಲಗೆಗೆ ಹಲಗೆ ಒತ್ತಿ, ಸಂದಿಗೆ ಹತ್ತಿ ತುಂಬಿ, ಗೋಡೆ ಸೇರುವ ಅಂಚಿಗೂ ರಾಳ ಬಳಿದರು. ಕೆಲಸ ಮುಗಿದ ದಿನ ಅವಳು ಸಮಿತಿಯ ಅಧ್ಯಕ್ಷೆ ಟೀಚರಮ್ಮನ ಮುಂದೆ ಒಂದು ಬಿಂದಿಗೆ ನೀರು ಸುರಿದು ತೋರಿಸಿದಳು. ಒಂದು ಹನಿ ಕೆಳಗಿಳಿಯಲಿಲ್ಲ. ಸುಲಭಕ್ಕೆ ಮೆಚ್ಚದ ಟೀಚರಮ್ಮನೂ ತಲೆಯಾಡಿಸಿದರು.

ಉದ್ಘಾಟನೆಗೆ ಹನ್ನೆರಡು ದಿನ ಇರುವಾಗ ಹೊಳೆ ಏರಿತು. ಬೆಳಿಗ್ಗೆ ಬಾಗಿಲು ತೆಗೆದರೆ, ನೆಲ ನಡುವಿನಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ಉಬ್ಬಿತ್ತು. ಕೆಳಗಿನ ನೀರು ಮೇಲೆ ಬರಲು ದಾರಿಯಿಲ್ಲದೆ ನೆಲವನ್ನೇ ಎತ್ತಿಬಿಟ್ಟಿತ್ತು. ಮೊಳೆಗಳು ತೊಲೆ ಬಿಟ್ಟು ಎದ್ದಿದ್ದವು. ಹಲಗೆ ಮಾತ್ರ ಒಣಗಿಯೇ ಇತ್ತು, ಎಲ್ಲೂ ಸೋರಿರಲಿಲ್ಲ.

ರಾಳದಕ್ಕ ಹೊಸ್ತಿಲ ಮೇಲೆ ಕೂತಳು. ನೆಲ ಹಾಕು ಎಂದರೆ ಅವಳು ದೋಣಿ ಕಟ್ಟಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೋದ ಅಪ್ಪನ ಬೆನ್ನು ನೆನಪಾಯಿತು.

"ಅಪ್ಪ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?" ಎಂದ ತಮ್ಮ.

ನೀರಿಳಿದ ಮೇಲೆ ಅವಳೇ ಕೂತು ಹತ್ತಿಯನ್ನೆಲ್ಲ ಕಿತ್ತಳು. ಅಪ್ಪನ ಅಳತೆಗೇ ಸಂದು ಬಿಟ್ಟು ಹಲಗೆ ಕೂರಿಸಿದರು. ಸಂದು ಬಿಟ್ಟಿದ್ದಕ್ಕೆ ಒಂದಷ್ಟು ಹಲಗೆ ಉಳಿದವು, ಅವುಗಳಿಂದ ವಾಚನಾಲಯಕ್ಕೆ ಎರಡು ಬೆಂಚುಗಳಾದವು.

ಉದ್ಘಾಟನೆಯ ದಿನ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕುವಾಗ ಟೀಚರಮ್ಮನ ಪೆನ್ನು ಜಾರಿ, ಸಂದಿಯಲ್ಲಿ ತೂರಿ ಹೊಳೆಗೆ ಬಿತ್ತು. ಜನ ನಕ್ಕರು.

"ಹೊಸ ನೆಲ ಅಂತೀರಿ, ಯಾರಮ್ಮ ಹೀಗೆ ಮಾಡಿದ್ದು?" ಎಂದು ಮುಂದಿನ ಸಾಲಿನ ಮುದುಕರೊಬ್ಬರು ಕೇಳಿದರು.

ರಾಳದಕ್ಕ ಎದ್ದು ನಿಂತಳು.

"ನಮ್ಮಪ್ಪನ ಲೆಕ್ಕ ಇದು," ಎಂದಳು. "ಅವನ ಕೈ ಯಾವತ್ತೂ ನಡುಗ್ತಿರ್ಲಿಲ್ಲ. ಅದು ನಾನು ಹೇಳಿದ ಸುಳ್ಳು."