ಕೇಬಲ್ ಕಿತ್ತ ಕಂಪ್ಯೂಟರ್

ಹುನಗುಂದದಿಂದ ದಿನವೂ ಬಸ್ಸಿನಲ್ಲಿ ಇಳಕಲ್‌ಗೆ ಹೋಗಿ, ಸೀರೆಯ ವಿನ್ಯಾಸ ಬಿಡಿಸುವ ಕೇಂದ್ರವೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಯಂತ್ರ. ಐದು ಜನ ಸರದಿಯಂತೆ ಅದರಲ್ಲಿ ಸೆರಗು, ದಡಿ ಎಂದರೆ ಸೀರೆಯಂಚು, ಬಿಡಿಸುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡ್. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣಬಾರದು. ಹೊಸ ದಡಿಯೊಂದು ಮಗ್ಗಕ್ಕೆ ಏರುವ ಮುನ್ನ ಯಾರ ಕಣ್ಣಿಗಾದರೂ ಬಿದ್ದರೆ ಅದು ಊರಿನದಾಗಿಬಿಡುತ್ತದೆ.

ಅದಕ್ಕೆ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ್ದು ನಾನೇ. ಸಾವಿರಾರು ಜನ ಸೇರಿ ತಿದ್ದುವ ವ್ಯವಸ್ಥೆ, ಇದರ ಹತ್ತಿರ ವೈರಸ್ ಸುಳಿಯುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದೆ. ಸಾಲದ್ದಕ್ಕೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತು ಸುತ್ತಿಟ್ಟೆ. ಕಳ್ಳ ಬರುವುದು ತಂತಿಯಿಂದಲೇ ಅಲ್ಲವೇ? ಕುರ್ಚಿಯ ಮೇಲೆ ಕೂರುವವರೆಲ್ಲ ನಮ್ಮವರೇ. ಹೀಗೆ ಎರಡು ವರ್ಷ ಒಂದೂ ಅಪ್‌ಡೇಟ್ ಇಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಬೇಕು.

ಐವರಲ್ಲಿ ಹಿರಿಯರು ನೇಕಾರರ ಮನೆತನದ ಒಬ್ಬ ಹೆಣ್ಣುಮಗಳು. ಆರು ತಿಂಗಳು ಕೂತು ಹೊಸ ದಡಿಯೊಂದನ್ನು ಬಿಡಿಸಿದ್ದರು. ಬಾಗಲಕೋಟೆಯ ಪ್ರದರ್ಶನಕ್ಕೆ ಸಮಿತಿಯೊಂದು ನಮ್ಮಲ್ಲಿಂದ ಒಂದೇ ವಿನ್ಯಾಸ ಆರಿಸಬೇಕಿತ್ತು, ಬಿಡಿಸಿದವರ ಹೆಸರು ಸೀರೆಯ ಜೊತೆಗೇ ಹೋಗುತ್ತಿತ್ತು. ಅಲ್ಲಿಯವರೆಗೆ ಅವರ ಯಾವ ಕೆಲಸದ ಮೇಲೂ ಅವರ ಹೆಸರು ಬಂದಿರಲಿಲ್ಲ. ಆಯ್ಕೆಯ ದಿನ ನೋಡಿದರೆ ಫೈಲು ಅವರ ಖಾತೆಯಲ್ಲಿಲ್ಲ. ಜೊತೆಗೆ ಕೆಲಸ ಮಾಡುವ ಒಬ್ಬಾತನ ಖಾತೆಯಲ್ಲಿದೆ, ಅವನ ಹೆಸರಿನಲ್ಲಿ, ಹಳೆಯ ತಾರೀಖಿನೊಂದಿಗೆ.

“ಇದು ನಂದ್ರಿ. ಒಂದೊಂದು ಎಳಿನೂ ನಂದ,” ಎಂದರು ಆಕೆ.

ಕೇಂದ್ರದ ಮುಖ್ಯಸ್ಥರು ನನ್ನತ್ತ ತಿರುಗಿದರು. “ಒಬ್ಬರ ಫೈಲು ಇನ್ನೊಬ್ಬರು ಮುಟ್ಟಾಕ ಬರತೈತೇನ್ರಿ?”

“ಸಾಧ್ಯನ ಇಲ್ರಿ,” ಎಂದೆ. ಅಷ್ಟು ಜನರೆದುರು ಆಕೆಯನ್ನು ಸುಳ್ಳಿಯಾಗಿಸಲು ನನ್ನ ಎರಡು ಮಾತು ಸಾಕಾದವು.

ಆದರೂ ಮನಸ್ಸು ತಡೆಯದೆ ಸಂಜೆ ಬಸ್ಸಿನಲ್ಲಿ ಮೊಬೈಲ್ ತೆಗೆದು ಹುಡುಕಿದೆ. ನಮ್ಮ ಆವೃತ್ತಿಯಲ್ಲಿ ಲೋಪವಿದೆ ಎಂದು ಅದನ್ನು ತಯಾರಿಸಿದವರೇ ಹಿಂದಿನ ವರ್ಷ ಬಹಿರಂಗವಾಗಿ ಬರೆದಿದ್ದರು. ಯಂತ್ರದ ಮುಂದೆ ಕೂತ ಸಾಮಾನ್ಯ ಬಳಕೆದಾರ ಯಾರೇ ಆಗಲಿ, ಇಡೀ ಯಂತ್ರಕ್ಕೆ ಯಜಮಾನನಾಗಬಹುದು. ಯಾರ ಫೈಲನ್ನಾದರೂ ಯಾರ ಹೆಸರಿಗಾದರೂ ಮಾಡಬಹುದು. ಅದರ ಮದ್ದಾದ ಅಪ್‌ಡೇಟೂ ಅಲ್ಲೇ ಪುಕ್ಕಟೆಯಾಗಿ ಬಿದ್ದಿತ್ತು. ಕದ್ದವನ ಮೇಲೆ ಸಿಟ್ಟು ಬಂತು, ನಿಜ. ಆದರೆ ಬಾಗಿಲು ತೆರೆದಿಟ್ಟು ಕಾವಲುಗಾರನೆಂದು ಸಂಬಳ ಎಣಿಸಿದ ನನ್ನನ್ನು ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಮರುದಿನ ಮುಖ್ಯಸ್ಥರಿಗೆ ಹೇಳಿದರೆ, “ಸುಮ್ನಿರ್ರಿ. ಹೇಳಿದ್ರ ನಿಮ್ಮ ಕೆಲಸಾನೂ ಹೋಗತೈತಿ, ನನ್ನ ಮರ್ಯಾದಿನೂ ಹೋಗತೈತಿ,” ಎಂದರು.

“ಆಕಿ ಮರ್ಯಾದಿ ನಿನ್ನಿನ ಹೋತಲ್ರಿ!” ಎಂದು ಕೂಗಾಡಿಬಿಟ್ಟೆ. ಹಟ ಹಿಡಿದು ಅಂದೇ ಆಯ್ಕೆ ಸಮಿತಿಯವರನ್ನು ಮತ್ತೆ ಕರೆಸಿದೆ. ಹೊಸದಾಗಿ ಒಂದು ಸಾಮಾನ್ಯ ಖಾತೆ ತೆರೆದು, ಎರಡೇ ನಿಮಿಷದಲ್ಲಿ ಮುಖ್ಯಸ್ಥರ ಫೈಲೊಂದನ್ನು ಅದರ ಹೆಸರಿಗೆ ಮಾಡಿ ತೋರಿಸಿದೆ. ಕದ್ದವನು ಉಗುರು ನೋಡಿಕೊಳ್ಳುತ್ತ ಕೂತಿದ್ದ.

ಬಾದಾಮಿಯಿಂದ ಬಂದಿದ್ದ ಸಮಿತಿಯ ಹಿರಿಯರು ಆಕೆಯನ್ನು ಕೇಳಿದರು: “ಗ್ರಾಫ್ ಹಾಳಿ ಮ್ಯಾಲ ತೆಗೆದದ್ದು ಏನರ ಐತೇನ್ರಿ?”

ಇರಲಿಲ್ಲ. ಕಾಗದ ಬಿಡಿ, ನೇರವಾಗಿ ಕಂಪ್ಯೂಟರಿನಲ್ಲೇ ಬಿಡಿಸಿ ಎಂದು ಬೆನ್ನುಬಿದ್ದವನು ನಾನೇ. ಯಂತ್ರದ ಮಾತು ನಂಬುವಂತಿಲ್ಲವೆಂದರೆ ದಡಿ ಅವನದೂ ಅಲ್ಲ, ಆಕೆಯದು ಎನ್ನಲೂ ಆಧಾರವಿಲ್ಲ ಎಂದು ಸಮಿತಿ ಆ ವಿನ್ಯಾಸವನ್ನೇ ಕೈಬಿಟ್ಟಿತು.

ಆಕೆ ಹೊರಟಾಗ ಗೇಟಿನವರೆಗೆ ಹಿಂದೆಯೇ ಹೋಗಿ, ತಪ್ಪಾಯಿತು ಎಂದೆ. ಆಕೆ ನಿಂತರು.

“ಹೆಸರು ಬರಲಿಲ್ಲ, ಇರಲಿ ಬಿಡ್ರಿ. ಆದರ ನಿನ್ನಿ ನೀವು ಅಷ್ಟು ಗಟ್ಟಿ ಹೇಳಿದಾಗ, ಇದು ಖರೇನ ನಂದಲ್ಲೇನೋ ಅಂತ ನನಗ ಅನಿಸಿತ್ತು. ರಾತ್ರಿಯೆಲ್ಲಾ ಹಂಗ ಅನಿಸಿತ್ರಿ.”