ಕೆಂಪು ಹಸುವಿನ ಕಪ್ಪು-ಬಿಳಿ ಕರು

ನಾನು ಮದುವೆಯಾಗಿದ್ದು ನನ್ನ ತಾಯಿಯ ತಮ್ಮನನ್ನು. ಹಾಗಾಗಿ ನನ್ನ ಅತ್ತೆ ನನಗೆ ಅಜ್ಜಿಯೂ ಹೌದು. ಮದುವೆಯಾದ ಮೇಲೂ ಅವಳನ್ನು ಅಜ್ಜಿ ಎಂದೇ ಕರೆದೆ, ಗಂಡನನ್ನು ಮಾವ ಎಂದೇ. ನಮ್ಮೂರು ಅವಲಪಲ್ಲಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಮಾವ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹಸುಗಳನ್ನು ನಾನೂ ಅಜ್ಜಿಯೂ ನೋಡಿಕೊಳ್ಳುತ್ತಿದ್ದೆವು.

ನಮ್ಮ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಒಬ್ಬ ಡಾಕ್ಟರು, ಬಸುರಿಯಾಗಿದ್ದಾಗ ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಇನ್ನೊಬ್ಬರು, ಗಂಡ ಹೆಂಡತಿ ಹತ್ತಿರದ ಸಂಬಂಧವೇ ಎಂದರು. ಅದೂ ಹೌದು. ಯಾವುದರಿಂದ ಹೀಗಾಯಿತು ಎಂದು ಇಬ್ಬರೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಂಬತ್ತರ ದಶಕದ ನಡುವೆ, ಮಗಳಿಗೆ ಆರು ವರ್ಷವಾಗಿದ್ದಾಗ, ದನಗಳ ಫಾರಂನಿಂದ ಒಬ್ಬ ಡಾಕ್ಟರಮ್ಮ ನಮ್ಮ ಮನೆಗೆ ಬಂದರು. ತಮಿಳಿನವರು, ಕನ್ನಡವನ್ನು ಜೋಪಾನವಾಗಿ ಆಡುತ್ತಿದ್ದರು. ನಮ್ಮ ಕೆಂಪು ಹಸುವಿನ ಮೈಕಟ್ಟು ಅವರಿಗೆ ಹಿಡಿಸಿತ್ತು. ಫಾರಂನಲ್ಲಿ ಹೆಚ್ಚು ಹಾಲು ಕೊಡುವ ಸೀಮೆ ಹಸುವೊಂದಿದೆ, ಅದರಲ್ಲಿ ಆಗಷ್ಟೇ ಕಟ್ಟಿದ ಗರ್ಭವನ್ನು ತೆಗೆದು ನಿಮ್ಮ ಹಸುವಿನ ಹೊಟ್ಟೆಯಲ್ಲಿಡುತ್ತೇವೆ, ಕರು ಹಾಲು ಬಿಟ್ಟ ಮೇಲೆ ಫಾರಂಗೆ ಕೊಡಬೇಕು, ಹಾಲೆಲ್ಲ ನಿಮ್ಮದೇ ಎಂದರು.

"ಅಂಗಂದ್ರೆ ಹೆರೋದು ನಮ್ಮ ಹಸ, ಕರ ಅದರದಲ್ವಾ?" ಅಜ್ಜಿ ಕೇಳಿದಳು.

"ಅಲ್ಲ ಪಾಟಿ," ಎಂದರು ಡಾಕ್ಟರಮ್ಮ, ಅಜ್ಜಿಯನ್ನು ತಮಿಳಿನಲ್ಲೇ ಕರೆದು. "ಒಂದು ಕೂದಲೂ ಇದರದು ಬರೋದಿಲ್ಲ."

"ಒಂಬತ್ತು ತಿಂಗಳು ಇದರ ರಕ್ತ ಕುಡ್ಕೊಂಡು ಬೆಳೀತದೆ. ಇದರದಲ್ದೆ ಇನ್ಯಾರದು?"

ಮಾವ ನಕ್ಕ. "ನಮ್ ಫ್ಯಾಕ್ಟ್ರೀಲಿ ಬೇರೆ ಕಂಪನಿ ಪಾರ್ಟು ತಂದು ಜೋಡ್ಸಲ್ವೇನವ್ವಾ, ಅಂಗೇ ಇದೂ." ಅಜ್ಜಿ ಅವನ ಕಡೆ ನೋಡಿದ ರೀತಿಗೆ ಅವನು ಸೈಕಲ್ ತೆಗೆದುಕೊಂಡು ಹೊರಟೇಬಿಟ್ಟ. ಆದರೂ ನಾವು ಒಪ್ಪಿಕೊಂಡೆವು.

ಎರಡೂ ಹಸುಗಳು ಒಟ್ಟಿಗೆ ಬೆದೆಗೆ ಬರುವಂತೆ ಸೂಜಿ ಕೊಟ್ಟರು. ಗರ್ಭ ಇಡುವ ದಿನ ಹಸುವನ್ನು ನಾನೇ ಹೊಡೆದುಕೊಂಡು ಫಾರಂಗೆ ಹೋದೆ. ಡಾಕ್ಟರಮ್ಮ ಒಂದು ಕೋಣೆಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ಇಲ್ಲಿ ಕಣ್ಣಿಡಿ. ಇದೇ ನಿಮ್ಮ ಹಸುವಿನ ಒಳಗೆ ಹೋಗೋದು."

ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕಿನ ನಡುವೆ ಗುಂಡಗೆ, ಕಾಳು ಕಾಳಾಗಿ ಒತ್ತಿಕೊಂಡ ಒಂದು ಮುದ್ದೆ. ನಮ್ಮ ತೋಟದ ಹಿಪ್ಪುನೇರಳೆ ಹಣ್ಣಿನ ಹಾಗೇ ಇತ್ತು. ಹಾಗೆಂದಾಗ ಡಾಕ್ಟರಮ್ಮನಿಗೆ ಖುಷಿಯಾಯಿತು. ಶಾಸ್ತ್ರದಲ್ಲೂ ಅದಕ್ಕೆ ಆ ಹಣ್ಣಿನ ಹೆಸರೇ ಎಂದರು. ಬಣ್ಣ, ಎತ್ತರ, ಹಾಲು ಎಲ್ಲ ಅದರಲ್ಲಿ ಆಗಲೇ ಗೊತ್ತಾಗಿಹೋಗಿರುತ್ತದಂತೆ. ಪರದೇಶದಲ್ಲಿ ಇಲಿಯ ಗರ್ಭ ಇದಕ್ಕಿಂತ ಎಳೆಯದಾಗಿ, ಇನ್ನೂ ಒಂದೇ ಕಾಳಾಗಿರುವಾಗ ಸೂಜಿಯಿಂದ ಬೇರೆ ಪ್ರಾಣಿಯ ಗುಣವನ್ನು ಒಳಗೆ ಸೇರಿಸಿದ್ದಾರೆ, ಕೆಲವು ಇಲಿಗಳು ಎರಡರಷ್ಟು ಬೆಳೆದವು ಎಂದೂ ಹೇಳಿದರು.

ಆಗ ನನಗೆ ಎರಡನೆಯ ಬಸಿರು ನಿಂತಿತ್ತು. ಅಜ್ಜಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

"ಕಿವುಡೂ ಅದರಲ್ಲೇ ಇರ್ತದಾ ಡಾಕ್ಟ್ರಮ್ಮ?"

ಅವರು ನನ್ನನ್ನು ನೋಡಿದರು. ಮಗಳನ್ನು ಅವರು ಕಂಡಿದ್ದರು. "ಕೆಲವು ಸಲ ಇರುತ್ತೆ."

"ಅಂಗಾದ್ರೆ ತೆಗೀಬೋದಾ? ನನ್ನ ಹೊಟ್ಟೇಲಿ ಈಗ ಒಂದೈತೆ."

"ಐಯೋ, ನಾನು ಮಾಡು ಡಾಕ್ಟರ್, ದನದ ಡಾಕ್ಟರ್ ಅಮ್ಮಾ," ಎಂದು ನನ್ನ ಕೈ ಹಿಡಿದುಕೊಂಡರು. "ಹೊಸ ಗುಣ ಸೇರಿಸೋದೇ ನೂರಕ್ಕೆ ಒಂದೋ ಎರಡೋ ನಿಲ್ಲುತ್ತೆ. ಇರೋದನ್ನ ಹುಡುಕಿ ಸರಿ ಮಾಡೋದು ಇಲಿಯಲ್ಲೂ ಬಂದಿಲ್ಲ. ಮುಂದೆ ಬರಬಹುದು. ನಿಮ್ಮ ಮಗು ಚೆನ್ನಾಗೇ ಇರಬಹುದು."

ಹೊರಗೆ ಹಸುವನ್ನು ಕಟ್ಟಿ, ಉದ್ದನೆಯ ಕೊಳವೆಯಿಂದ ಗರ್ಭವನ್ನು ಒಳಗಿಟ್ಟರು. ಹಸು ಬಾಲ ಅಲ್ಲಾಡಿಸಿತು, ಅಷ್ಟೇ. ಅದನ್ನು ಹೊಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನ ತಲೆ ಕಲಸಿಹೋಗಿತ್ತು. ಮಗಳು ಆ ಹಣ್ಣಿನ ಹಾಗಿದ್ದಾಗ ಕಿವುಡಿನ ಒಂದು ಕಾಳನ್ನು ತೆಗೆದಿದ್ದರೆ ಕಿವಿ ಕೇಳುವ ಮಗಳು ಹುಟ್ಟುತ್ತಿದ್ದಳು. ಅವಳು ಇವಳೇ ಆಗಿರುತ್ತಿದ್ದಳೇ, ಬೇರೆ ಯಾರೋ ಆಗಿರುತ್ತಿದ್ದಳೇ? ಇವಳು ನನ್ನ ತುಟಿ ನೋಡಿ ನಗುವುದು ಯಾವ ಕಾಳಿನಲ್ಲಿತ್ತು? ಮನೆ ಸೇರಿದಾಗ ಮಗಳು ಓಡಿಬಂದು ಕಾಲು ತಬ್ಬಿಕೊಂಡಳು. ಏನೋ ತಪ್ಪು ಮಾಡಿದವಳ ಹಾಗೆ ನಿಂತೆ. ಏನು ತಪ್ಪು ಎಂದು ಮಾತ್ರ ಹೊಳೆಯಲಿಲ್ಲ.

ಅಜ್ಜಿಗೆ ಎಲ್ಲ ಹೇಳಿದೆ. "ನನ್ನ ಅವ್ವನೂ ಸೋದರಮಾವನ್ನೇ ಕಟ್ಕೊಂಡಿದ್ದು," ಎಂದಳು. "ನಮ್ಮಲ್ಲಿ ಯಾರಿಗೂ ಏನೂ ಆಗ್ಲಿಲ್ಲ. ನಿನಗೇ ಯಾಕಾಯ್ತು ಅಂತ ಆ ಡಾಕ್ಟ್ರಮ್ಮನ್ನ ಕೇಳ್ದ್ಯಾ?" ಕೇಳಿರಲಿಲ್ಲ.

ನನಗೆ ಗಂಡುಮಗುವಾಯಿತು. ಅಜ್ಜಿ ಕೂಸಿನ ಬೆನ್ನ ಹಿಂದೆ ಹಿತ್ತಾಳೆ ಚೊಂಬನ್ನು ನೆಲಕ್ಕೆ ಕುಕ್ಕಿದಳು. ಕೂಸು ಬೆಚ್ಚಿ ಕಿರುಚಿಕೊಂಡಿತು. ಅಜ್ಜಿ ಅಳತೊಡಗಿದಳು, ಮಾವ ಬೀದಿಗೆ ಓಡಿ ಸಿಕ್ಕವರಿಗೆಲ್ಲ ಹೇಳಿದ. ಅದೇ ಹೊಟ್ಟೆ, ಅದೇ ಗಂಡ, ಇದಕ್ಕೆ ಕೇಳುತ್ತದೆ. ನನಗೂ ಸಂತೋಷವಾಯಿತು. ಆದರೆ ಮಗಳು ಮೂಲೆಯಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದಳು. ಚೊಂಬು ಬಿದ್ದದ್ದಕ್ಕೂ, ಕೂಸು ಅತ್ತದ್ದಕ್ಕೂ ತಿರುಗಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಕೂಸಿಗೆ ಹಾಲು ಕೊಡುತ್ತ ಕೂತೆ.

ಎರಡು ತಿಂಗಳಿಗೆ ಹಸು ಈಯಿತು. ಕಪ್ಪು-ಬಿಳಿ ಹೆಣ್ಣುಗರು, ತಾಯಿಯ ಕೆಂಪು ಹುಡುಕಿದರೂ ಸಿಗಲಿಲ್ಲ. ಹಸು ಅದನ್ನೆಲ್ಲ ನೋಡದೆ ನೆಕ್ಕಿ ಒರೆಸಿ ಎಬ್ಬಿಸಿತು. "ಈಗ ಹೇಳ್ಲಿ ಬಂದು, ಯಾರ ಕರ ಅಂತ," ಎಂದಳು ಅಜ್ಜಿ.

ಬಂದು ಹೇಳಲು ಆ ಡಾಕ್ಟರಮ್ಮ ಇರಲಿಲ್ಲ, ಅವರಿಗೆ ವರ್ಗವಾಗಿತ್ತು. ಕರು ಹಾಲು ಬಿಟ್ಟ ಮೇಲೆ ಫಾರಂನ ಆಳುಗಳು ಬಂದು, ಒಪ್ಪಂದದಂತೆ ಅದನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಹಸು ಹಗ್ಗ ಜಗ್ಗಿ ಅಂಬಾ ಎಂದು ಕೂಗತೊಡಗಿತು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಮಾತ್ರ ಹಸುವಿನ ಹತ್ತಿರ ಹೋಗಿ ಅದರ ಗಂಟಲಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ನಿಂತು, ಏನು ಹೇಳುತ್ತಿದೆ ಎಂದು ನನ್ನನ್ನು ಕೈಸನ್ನೆಯಲ್ಲಿ ಕೇಳಿದಳು. ಕರುವನ್ನು ಕರೆಯುತ್ತಿದೆ ಎಂದು ತೋರಿಸಿದೆ. ಅವಳು ತಲೆ ಅಡ್ಡಡ್ಡ ಆಡಿಸಿ, ಹಸಿವು ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ಹಿತ್ತಿಲಿಗೆ ಹೋಗಿ ಒಂದು ತೆಕ್ಕೆ ರಾಗಿ ಹುಲ್ಲು ತಂದು ಮುಂದೆ ಹಾಕಿದಳು. ಹಸು ಮೂಸಿ ಮುಖ ತಿರುಗಿಸಿತು. ಇನ್ನೆರಡು ಸಲ ಕೂಗಿ, ಆಮೇಲೆ ತಿನ್ನತೊಡಗಿತು. ಮಗಳು, ನೋಡಿದೆಯಾ ಎನ್ನುವಂತೆ ನನ್ನ ಕಡೆ ತಿರುಗಿದಳು.